ಖಾಲಿ ರಂಗಕ್ಕೆ ಬಂದವಳು

ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಪಾಪವೇ?...

ಜೂಡಿತ್ ತನ್ನನ್ನೇ ಕೇಳಿಕೊಂಡಳು. ಪಾದ್ರಿಯ ಮುಂದೆಯೂ ಬಾಯಿಬಿಡಲಾಗದ ಮಾತು.

ಲಂಡನ್ನಿನ ಆ ರಂಗಮಂದಿರದಲ್ಲಿ ಅವಳದು ಪಕ್ಕದ ಪರದೆಯ ಮರೆಯ ಕೆಲಸ. ನಟರು ಮಾತು ಮರೆತರೆ ಪಿಸುದನಿಯಲ್ಲಿ ಹೇಳಿಕೊಡುವುದು. ಅವಳ ದನಿ ಪ್ರೇಕ್ಷಕರಿಗೆ ಕೇಳಿಸಿತೋ, ಕೆಲಸ ಹೋದಂತೆಯೇ.

ಮುಂದಿನ ಬೆಂಚಿನಲ್ಲಿ ಆಂಬ್ರೋಸ್ ಇಂದೂ ಬಂದು ಕೂತಿದ್ದ. ನಾಟಕದ ನಿಯಮಗಳ ಬಗ್ಗೆ ಬರೆಯುವ ವಿಮರ್ಶಕ. ಕಥೆ ಒಂದೇ ಹಗಲಿನಲ್ಲಿ, ಒಂದೇ ಊರಿನಲ್ಲಿ ಮುಗಿಯಬೇಕು. ಅಂಕದ ನಡುವೆ ರಂಗ ಒಂದು ಉಸಿರಿನಷ್ಟು ಹೊತ್ತೂ ಖಾಲಿ ಬೀಳಬಾರದು ಎಂದು ವಾದಿಸುವವನು. ಮೊದಲ ಭೇಟಿಯಲ್ಲೇ ಜೂಡಿತ್ ಅವನನ್ನು ಕೆಣಕಿದ್ದಳು, ಖಾಲಿ ಬಿದ್ದರೆ ಏನಾಗುತ್ತದೆ ಎಂದು.

"ಬೇರೆ ಯಾರಾದ್ರೂ ಬಂದು ತುಂಬ್ಕೋತಾರೆ," ಎಂದು ಅವನು ನಕ್ಕಿದ್ದ. ಆ ನಗು ಅವಳ ಎದೆಯಲ್ಲೇ ಉಳಿದುಬಿಟ್ಟಿತ್ತು...

ಹೊಸ ದುರಂತ ನಾಟಕದಲ್ಲಿ ಅಂಥದೊಂದು ಬಿರುಕಿತ್ತು. ರಾಣಿ ಒಳಹೋದ ಮೇಲೆ ದೂತ ಬರುವ ತನಕ ರಂಗದಲ್ಲಿ ಯಾರೂ ಇಲ್ಲ. ತಾಲೀಮಿನಲ್ಲಿ ಆ ಗಳಿಗೆ ಬಂದಾಗಲೆಲ್ಲ ಮೇಣದಬತ್ತಿಗಳ ಉರಿ ಒಂದೇ ಕಡೆ ವಾಲುತ್ತಿತ್ತು. ಹಲಗೆಯ ಮೇಲೆ ರೇಷ್ಮೆ ಲಂಗ ಎಳೆದ ಸದ್ದು...

ಚಳಿಗಾಲದಲ್ಲಿ ಸಿಡುಬಿಗೆ ಬಲಿಯಾದ ನಟಿ ಲೆಟಿಸ್ ಹೀಗೇ ನಡೆಯುತ್ತಿದ್ದಳೆಂದು ಎಲ್ಲರೂ ಗುಸುಗುಟ್ಟಿದರು. ಕಿತ್ತಳೆ ಮಾರುವ ಪೆಗ್ ಮಾತ್ರ ಜೋರಾಗಿಯೇ ಅಂದಳು:

"ನಿನ್ ವಿಮರ್ಶಕ ಸುಮ್ನೆ ದಿನಾ ಬರ್ತಾನೇನೇ ಜೂಡಿ? ಲೆಟಿಸ್‌ನ ಹೊಗಳಿ ಹೊಗಳಿ ಬರೆದೋನು ಅವನು. ಈಗ್ಲೂ ಅವಳಿಗೇ ಕಾಯ್ತಿದಾನೆ."

ಅಂದಿನಿಂದ ಅವನು ಮಾತಾಡಿಸಿದರೂ ಜೂಡಿತ್ ತಲೆ ತಗ್ಗಿಸಿ ಹೊರಟುಬಿಡುತ್ತಿದ್ದಳು. ಈ ಪ್ರದರ್ಶನ ಮುಗಿದೊಡನೆ ಅವನು ಪ್ಯಾರಿಸ್‌ಗೆ ಹೋಗುತ್ತಾನಂತೆ. ಮರಳಿ ಬರುವುದಿಲ್ಲವಂತೆ. ಅದೂ ಪೆಗ್ ತಿಳಿಸಿದ್ದೇ.

ಈಗ ರಂಗಮಂದಿರ ಕಿಕ್ಕಿರಿದಿತ್ತು. ರಾಣಿ ರಂಗ ಬಿಟ್ಟು ಪರದೆಯ ಮರೆಗೆ ಬಂದಳು. ದೂತನ ವೇಷದವನು ಹೆದರಿ ಗೋಡೆಗೆ ಅಂಟಿಕೊಂಡ. ಜೂಡಿತ್ ಎಷ್ಟು ಪಿಸುಗುಟ್ಟಿದರೂ ಅವನ ಕಾಲು ಏಳಲಿಲ್ಲ.

ರಂಗ ಖಾಲಿ...

ಉರಿಗಳು ವಾಲಿದವು. ಲಂಗದ ಸದ್ದು ಹಲಗೆ ದಾಟಿ ಬಂದು, ಎಲ್ಲೋ ನಿಂತಿತು.

ಆಂಬ್ರೋಸ್ ಎದ್ದ. ರೆಪ್ಪೆ ಬಡಿಯದೆ, ಬಿಳಿಚಿದ ಮುಖದಲ್ಲಿ ರಂಗದ ಕಡೆಗೆ ನಡೆದ.

ಲೆಟಿಸ್ ಕರೆದಳು... ಇವನು ಹೊರಟೇಬಿಟ್ಟ!

ಜೂಡಿತ್ ಮರೆ ಬಿಟ್ಟು ಬೆಳಕಿಗೆ ಓಡಿದಳು. ಪ್ರೇಕ್ಷಕರು ಗೊಳ್ಳೆಂದರು. ಅವಳ ಬೆನ್ನಿನುದ್ದಕ್ಕೂ ತಣ್ಣನೆಯ ಬೆರಳೊಂದು ಜಾರಿದಂತಾಯಿತು. ಆಮೇಲೆ ಉರಿಗಳು ನೆಟ್ಟಗಾದವು.

ರಂಗದಂಚಿನಲ್ಲಿ ಆಂಬ್ರೋಸ್ ಏದುಸಿರು ಬಿಡುತ್ತಿದ್ದ.

"ಪರದೆ ಮರೆಯಲ್ಲಿ ಲೆಟಿಸ್ ನಿನ್ನ ಹಿಂದೆನೇ ನಿಂತಿದ್ಲು, ಜೂಡಿತ್. ನಿನ್ನ ಹೆಗಲ ಮೇಲೆ ಕೈ ಇಟ್ಟು... ನಿನ್ನನ್ನ ಕರ್ಕೊಂಡು ಹೋಗ್ತಾಳೆ ಅಂತ ಎದ್ದು ಬಂದೆ."

"ನೀವು... ಅವಳಿಗೋಸ್ಕರ ಬರ್ತಿರ್ಲಿಲ್ವಾ?"

"ದಿನಾ ಆ ಪರದೆ ಸಂದಿಯಲ್ಲಿ ಕಾಣೋ ನಿನ್ನ ಅರ್ಧ ಮುಖಕ್ಕೋಸ್ಕರ ಬರ್ತಿದ್ದೆ. ನಿನಗೆ ನನ್ನ ಕಂಡ್ರೆ ಆಗಲ್ಲ ಅಂತ ಗೊತ್ತಾದ್ಮೇಲೂ."

ನಗು ನಿಂತಿತ್ತು. ಇಡೀ ಲಂಡನ್ನೇ ಕಿವಿಗೊಟ್ಟಂತಿತ್ತು.

ಆದರೂ ಅವಳು ಪಿಸುಗುಟ್ಟಲಿಲ್ಲ.

"ನಾನು ನಿಮ್ಮನ್ನ ಪ್ರೀತಿಸ್ತೀನಿ, ಆಂಬ್ರೋಸ್."