ನಾಲ್ಕು ವಾರ ಕಾಯಿಸಿದ ಕಾರು

"ಹೋದ ಭಾನುವಾರ ಸ್ಟಾರ್ಟ್ ಆಗಿತ್ತಲ್ಲ, ಇವತ್ತೇನಾಯ್ತು ಇದಕ್ಕೆ?" ಅಂತ ಅವನು ಬಾನೆಟ್ ಎತ್ತಿ ಇಣುಕಿದಾಗ ನನಗೆ ನಗು ತಡೆಯಲಾಗಲಿಲ್ಲ. ಇಂಜಿನ್‌ನ ಗೇಣುದ್ದದ ವೈರೊಂದು ನನ್ನ ಕೈಚೀಲದಲ್ಲಿತ್ತು.

ಅಪ್ಪನ ಕಣ್ಣು ಮಂಜಾದ ಮೇಲೆ ಅವರ ಐವತ್ತು ವರ್ಷದ ಕಾರು ಮಾರಲು ನಾನೇ ಪೇಪರಿನಲ್ಲಿ ಜಾಹೀರಾತು ಕೊಟ್ಟಿದ್ದೆ. ನೋಡಲು ಬಂದವನು ಜಮೀನು ಅಳೆಯುವ ಸರ್ವೇಯರ್. ಹಳೇ ಕಾರೆಂದರೆ ಹುಚ್ಚು, ಇಂಜಿನ್ ವಿಷಯದಲ್ಲಿ ಮಾತ್ರ ಸೊನ್ನೆ.

ಮೊದಲ ದಿನ ಬಾಗಿಲ ಮೇಲಿನ ಗೀರನ್ನು ಬೆರಳಲ್ಲಿ ಸವರಿ ಕೇಳಿದ್ದ, "ಇದು ಹೇಗಾಯ್ತು?"

"ನಾನೇ. ಸೈಕಲ್ ಕಲಿಯೋವಾಗ."

ಗೀರು ಬಿಟ್ಟು ನನ್ನನ್ನೇ ನೋಡಿದ. ನಾನು ಕೆನ್ನೆ ಬಿಸಿಯಾಗಿ ಟೈರ್ ನೋಡುತ್ತ ನಿಂತೆ.

ಕಾರು ಕೊಂಡುಬಿಟ್ಟರೆ ಮತ್ತೆ ಬರುವುದಿಲ್ಲವಲ್ಲ! ಅದಕ್ಕೇ ವೈರ್ ಕಿತ್ತಿಟ್ಟೆ. ಮುಂದಿನ ವಾರವೂ, ಅದರ ಮುಂದಿನ ವಾರವೂ. "ಮೆಕ್ಯಾನಿಕ್‌ನ ಕರೀಲಾ?" ಅಂದರೆ, "ಬೇರೆಯವರು ಮುಟ್ಟಿದ್ರೆ ಅಪ್ಪನಿಗೆ ಆಗಲ್ಲ" ಅಂತ ಹಸೀ ಸುಳ್ಳು. ಕಾಫಿ ಕುಡಿಯುತ್ತ, ಹರಟುತ್ತ ಸಂಜೆಯಾಗುತ್ತಿತ್ತು.

"ನಿನ್ನ ಭಾನುವಾರದವನು ಬಂದ್ನೇನಮ್ಮಾ?" ಅಂತ ಅಪ್ಪ ಒಳಗಿಂದ ಕೆಣಕುತ್ತಿದ್ದರು.

ಐದನೇ ಭಾನುವಾರ ಗೇಟಿನ ಹೊರಗೆ ಹಾರ್ನ್ ಕೇಳಿಸಿತು. ನಮ್ಮದೇ ಮಾಡೆಲ್, ಅದೇ ನೀಲಿ ಬಣ್ಣ, ಫಳಫಳ ಹೊಳೆಯುತ್ತಿತ್ತು. ಒಳಗೆ ಅವನು.

"ಹಳೇ ಕಾರಿನ ಡೀಲರ್ ಹತ್ರ ತಗೊಂಡೆ. ಒಂದು ವರ್ಷ ಗ್ಯಾರಂಟಿ. ಮೂವತ್ತು ಪುಟ ರಿಪೋರ್ಟ್ ಬೇರೆ," ಅಂದ, ತಪ್ಪು ಮಾಡಿದವನ ಹಾಗೆ. "ಒಂದು ಗೀರೂ ಇಲ್ಲ ನೋಡಿ. ಕೇಳೋಕೇ ಏನೂ ಇಲ್ಲ."

"ಒಳ್ಳೇದೇ ಆಯ್ತು," ಅಂದೆ.

ಅವನು ಸ್ಟೀರಿಂಗ್ ಸವರುತ್ತ ಕೂತ. "ನಿಮ್ಮ ಕಾರು ಮತ್ತೆ ಸ್ಟಾರ್ಟ್ ಆದ ದಿನ ನಿಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು ಒಂದು ಮಾತು ಕೇಳ್ಬೇಕು ಅಂತಿದ್ದೆ. ಕಾದೆ. ಆಮೇಲೆ, ನಮ್ಮ ಹಣೇಲಿ ಬರೆದಿಲ್ಲ ಅನ್ಕೊಂಡೆ. ಮೊನ್ನೆ ಅಮ್ಮ ತೋರಿಸಿದ ಹುಡುಗಿಗೆ ಹೂಂ ಅಂದ್ಬಿಟ್ಟೆ."

ವೈರಿನ ಮಾತು ನಾಲಿಗೆ ತುದಿಗೆ ಬಂತು. ಎಲ್ಲೋ ಒಬ್ಬಳು ಅವನ ಆ ಹೂಂ ನಂಬಿಕೊಂಡು ಖುಷಿಯಾಗಿರುತ್ತಾಳೆ. ನುಂಗಿಕೊಂಡೆ.

"ಯಾವ ಮಾತು ಅಂತ ಕೇಳಲ್ವಾ?"

"ಬೇಡ," ಅಂದೆ. "ಹುಷಾರಾಗಿ ಹೋಗಿ."

ಕಾರು ತಿರುವಿನಲ್ಲಿ ಮರೆಯಾಯಿತು. ಹಿಂದೆ ಬಾಗಿಲಲ್ಲಿ ಅಪ್ಪ ನಿಂತಿದ್ದರು.

"ಈಗಲಾದ್ರೂ ಆ ವೈರ್ ಹಾಕಮ್ಮಾ."

"ಅಪ್ಪಾ, ನಿಮಗೆ..."

"ನನ್ನ ಕಣ್ಣು ಮಂಜಾಗಿದೆ ಕಣೇ, ಕಿವಿ ಅಲ್ಲ. ಭಾನುವಾರ ಅವನು ಬರೋಕೆ ಮುಂಚೆ ನೀನು ಬಾನೆಟ್ ಎತ್ತೋ ಸದ್ದು ಕೇಳಿಸ್ತಿತ್ತು. ನೀನೇ ಹೇಳ್ತೀಯ ಅಂತ ಸುಮ್ನಿದ್ದೆ."

ವೈರ್ ಸಿಕ್ಕಿಸಿ ಕೀ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನಾನು ಸ್ಟೀರಿಂಗ್ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತೆ.

ಅಪ್ಪ ತಡಕಾಡಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತರು. "ಅತ್ತು ಮುಗಿಸು. ಆಮೇಲೆ ಹೊರಡೋಣ," ಅಂದರು. "ಇನ್ನೇನೂ ಅವಸರ ಇಲ್ಲ."