ಬಿಳಿ ಪುಟದ ಬಿಳಿ ಅಕ್ಷರ

ಕನ್ನಡಕದಂಗಡಿಯ ಒಡತಿ ತನ್ನ ಅಂಗಡಿಯ ಹೆಸರನ್ನೇ ಹಾಕಿ ಹುಡುಕಿದರೂ ಸರ್ಚ್‌ನಲ್ಲಿ ಅಂಗಡಿ ಸಿಗುತ್ತಿರಲಿಲ್ಲ. ಪಕ್ಕದ ಬೀದಿಯ ಬೇಕರಿ ಸಿಗುತ್ತಿತ್ತು. ಮೂರು ತಿಂಗಳಿಂದ ಹೊಸ ಗಿರಾಕಿಯಿಲ್ಲ. ಹೀಗೇ ಆದರೆ ಬಾಗಿಲು ಮುಚ್ಚುವುದೊಂದೇ ದಾರಿ. ಆಗ ಬಂದವನು ವೆಬ್‌ಸೈಟ್ ರಿಪೇರಿಯವನು.

ಅವನು ಪುಟದ ಖಾಲಿ ಜಾಗದ ಮೇಲೆ ಮೌಸ್ ಎಳೆದ. ಬಿಳಿಯ ಮೇಲೆ ಬಿಳಿಯಾಗಿ ಅಡಗಿದ್ದ ಅಕ್ಷರಗಳು ನೀಲಿ ಹೊದ್ದು ಎದ್ದು ಕುಳಿತವು: ‘ಅತ್ಯುತ್ತಮ ಕನ್ನಡಕ’, ಮುನ್ನೂರು ಸಲ.

“ಊರವರ ಕಣ್ಣೆಲ್ಲ ನೋಡ್ತೀನಿ, ನನಗೇ ಇದು ಕಾಣ್ಲಿಲ್ವಲ್ಲ!” ಅವಳು ಬಾಗಿದಳು. ಜಡೆಯ ತುದಿ ಕೀಬೋರ್ಡಿನ ಮೇಲೆ ಬಿತ್ತು. ಅವನು ಜಡೆ ಸರಿಸಲಿಲ್ಲ. ಟೈಪ್ ಮಾಡುವುದನ್ನೇ ನಿಲ್ಲಿಸಿದ.

“ಜನರಿಗೆ ಕಾಣ್ಬಾರ್ದು, ಸರ್ಚ್‌ನವರ ಯಂತ್ರಕ್ಕೆ ಮಾತ್ರ ಕಾಣ್ಬೇಕು ಅಂತ ಮಾಡೋ ಮೋಸ. ಸಿಕ್ಕಿಬಿದ್ರೆ ಪಟ್ಟಿಯಿಂದಾನೇ ತೆಗೀತಾರೆ.”

“ಯಾವ ಪುಣ್ಯಾತ್ಮ ಮಾಡಿದ್ದೋ!”

ಪುಣ್ಯಾತ್ಮ ಕೆಮ್ಮಿದ. ಎರಡು ವರ್ಷದ ಹಿಂದೆ, ವೆಬ್‌ಸೈಟ್ ಮಾಡಿಕೊಡುವ ಕಂಪನಿಯೊಂದರ ಮೂಲೆಯಲ್ಲಿ ಕುಳಿತು, ಅಂಗಡಿ ಯಾರದೆಂದೂ ನೋಡದೆ ಅದನ್ನು ಅಂಟಿಸಿದವನು ಅವನೇ.

ಎಲ್ಲ ಅಳಿಸಿ, ಮತ್ತೆ ಪಟ್ಟಿಗೆ ಸೇರಿಸಿ ಎಂದು ಸರ್ಚ್‌ನವರಿಗೆ ಅರ್ಜಿ ಹಾಕಿದರು: ‘ಯಾರೋ ಮಾಡಿದ್ದರು, ಕ್ಷಮಿಸಿ.’ ವಾರದೊಳಗೆ ಅರ್ಜಿ ವಾಪಸ್ಸು. ನಡೆದದ್ದನ್ನು ಬಿಡಿಸಿ ಬರೆಯಬೇಕಂತೆ.

“‘ಯಾರೋ’ ಅಂದ್ರೆ ಯಾರು ನಂಬ್ತಾರೆ? ನಿಮ್ಮ ಭಾವ ಲೋಟ ಒಡೆದಾಗೆಲ್ಲ ಅದನ್ನೇ ಹೇಳೋದು,” ಎಂದಳು ಕೌಂಟರಿನಲ್ಲಿದ್ದ ಅವಳ ಅಕ್ಕ. “ಅಲ್ಲ ಕಣೇ, ಅರ್ಧ ಗಂಟೆ ಕೆಲಸಕ್ಕೆ ಇವರು ದಿನಾ ನಾಲ್ಕು ಗಂಟೆ ಕೂರ್ತಾರಲ್ಲ, ಕಣ್ಣು ಟೆಸ್ಟ್ ಮಾಡಿಸ್ಕೊಳೋಕಾ?”

ತಂಗಿಯ ಕಿವಿ ಕೆಂಪಾಯಿತು. ಅವನು ಅರ್ಜಿಯನ್ನು ಹೊಸದಾಗಿ ಬರೆದ. ಲ್ಯಾಪ್‌ಟಾಪ್ ಅವಳತ್ತ ತಿರುಗಿಸಿದ.

‘ಮಾಡಿದವನು ನಾನೇ. ಆಗ ಈ ಅಂಗಡಿಯವರನ್ನು ನೋಡಿರಲಿಲ್ಲ. ಈಗ ದಿನಾ ನೋಡುತ್ತೇನೆ, ಸಾಲದು. ತಪ್ಪು ನನ್ನದು, ಶಿಕ್ಷೆ ಅವರಿಗೆ ಬೇಡ.’

ಅವಳು ಎರಡು ಸಲ ಓದಿದಳು.

“ಮತ್ತೆ ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?”

“ಹೇಳಿದ್ರೆ ಅಂಗಡಿಗೆ ಕಾಲಿಡಬೇಡಿ ಅಂತೀರೇನೋ ಅಂತ…”

“ಅನ್ನೋಣ ಅನ್ನಿಸ್ತಿದೆ.” ಕಣ್ಣಲ್ಲಿ ನಿಜವಾದ ಸಿಟ್ಟಿತ್ತು. ಆದರೂ ಬೆರಳು ಪರದೆಯ ಮೇಲಿನ ಒಂದು ಸಾಲಿಗೆ ಬಂದು ನಿಂತಿತು. ‘ಈಗ ದಿನಾ ನೋಡುತ್ತೇನೆ, ಸಾಲದು.’ ಅಷ್ಟನ್ನು ಮಾತ್ರ ಅಳಿಸಿದಳು. “ಇದು ಸರ್ಚ್‌ನವರಿಗಲ್ಲ.” ಆಮೇಲೆ ತಾನೇ ಕಳಿಸಿದಳು.

ಹತ್ತನೆಯ ದಿನ ಉತ್ತರ ಬಂತು. ಅವಳು ಹುಡುಕಿದಳು, ಮೊದಲ ಸಾಲಿನಲ್ಲೇ ಅಂಗಡಿ! “ಅಕ್ಕಾ, ಸಿಕ್ತು! ಸಿಕ್ತು ಕಣೇ!” ಎಂದು ಕುಣಿದ ರಭಸಕ್ಕೆ ನಾಲ್ಕು ಫ್ರೇಮು ನೆಲಕ್ಕುರುಳಿದವು. ಅವನು ಆಯ್ದುಕೊಟ್ಟ, ಆಮೇಲೆ ಮೆಲ್ಲಗೆ ಬ್ಯಾಗು ಎತ್ತಿಕೊಂಡ.

“ನಾಳೆ ಬರ್ತೀರಾ?” ಎಂದಳು ಅವಳು.

“ಇನ್ನೇನೂ ಕೆಲಸ ಇಲ್ವಲ್ಲ.”

“ಇಲ್ಲ. ಅದಕ್ಕೇ ಕೇಳ್ತಿರೋದು.”