ಬಿಸಿಲು ಹಣೆಗಿಳಿದಾಗ

ಬಿಸಿಲು ಅವನ ತಲೆಗೂದಲನ್ನು ಮುಟ್ಟಿತು.

ದೀಕ್ಷಾ ತಾರಸಿಯ ಬಾಗಿಲಲ್ಲೇ ನಿಂತುಬಿಟ್ಟಳು. ಕೈಯಲ್ಲಿ ಒಣಹಾಕಲು ತಂದ ಲೈನಿಂಗ್ ಬಟ್ಟೆಯ ಬಕೆಟ್ಟು. ಎದುರಿಗೆ, ಕಪ್ಪು ನೀರಿನ ಟ್ಯಾಂಕಿನ ನೆರಳಲ್ಲಿ ಶಶಿಕಿರಣ್ ಕಣ್ಣಿಗೆ ಬೈನಾಕ್ಯುಲರ್ ಒತ್ತಿಕೊಂಡು ನಿಂತಿದ್ದ. ಟ್ಯಾಂಕಿನ ಎಡ ಅಂಚಿನ ಪಕ್ಕದ ಆಕಾಶವನ್ನು ಇಷ್ಟಿಷ್ಟೇ ಹುಡುಕುತ್ತಿದ್ದ.

"ಸಿಕ್ತಾ?" ಕಟ್ಟೆ ಮೇಲೆ ಕೂತು ಕಡ್ಲೆ ತಿನ್ನುತ್ತಿದ್ದ ಅವನ ಗೆಳೆಯ ಧರ್ಮೇಶ್ ಕೇಳಿದ.

"ಇಲ್ಲ. ಸೂರ್ಯನಿಂದ ಮೂರೇ ಬೆರಳು ದೂರ ಇರ್ಬೇಕು. ಹಗಲಲ್ಲೇ ಕಾಣೋ ಧೂಮಕೇತು ಮಾರಾಯ, ಇವತ್ತು ನಾಳೆ ಬಿಟ್ರೆ ಮತ್ತೆ ಇಲ್ಲ."

ಸೂರ್ಯ ಟ್ಯಾಂಕಿನ ಹಿಂದೆ ಅಡಗಿದ್ದ. ಆದರೆ ಬೆಳಗಿನ ಸೂರ್ಯ ಅಡಗಿದಲ್ಲೇ ಇರುತ್ತಾನೆಯೇ? ಅವನು ಏರುತ್ತಿದ್ದ. ಟ್ಯಾಂಕಿನ ನೆರಳು ಕುಗ್ಗುತ್ತಿತ್ತು. ಶಶಿಕಿರಣನ ಕೂದಲ ಮೇಲಿದ್ದ ಬಿಸಿಲು ಈಗ ಹಣೆಗಿಳಿಯಿತು.

ಇನ್ನು ಎರಡು ಬೆರಳು ಇಳಿದರೆ ಕಣ್ಣು; ಸೂರ್ಯ ನೇರ ಬೈನಾಕ್ಯುಲರಿನೊಳಗೆ.

'ಹೇಳು... ಬೇಗ ಹೇಳು...' ದೀಕ್ಷಾ ಬಾಯಿ ತೆರೆದಳು. ಸ್ವರ ಹೊರಡಲಿಲ್ಲ. ಎದೆ ಮಾತ್ರ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು. ಬೈನಾಕ್ಯುಲರಿನೊಳಗೆ ಕಣ್ಣಿಟ್ಟವನಿಗೆ ತನ್ನ ಹಣೆಯ ಬಿಸಿಲು ಹೇಗೆ ಕಾಣಬೇಕು?

ಬಿಸಿಲು ಹುಬ್ಬಿಗೆ ಬಂತು.

ಕೈಗೆ ಸಿಕ್ಕ ಒದ್ದೆ ಬಟ್ಟೆಯನ್ನು ಎತ್ತಿ ಅವನ ಮುಖಕ್ಕೇ ಎಸೆದಳು.

ಅವನು ಬೆಚ್ಚಿ ಹಿಂದೆ ಹೆಜ್ಜೆಯಿಟ್ಟು ಎಡವಿದ. ಬೈನಾಕ್ಯುಲರ್ ಕಟ್ಟೆಗೆ ಬಡಿಯಿತು. ಒಳಗೆ ಏನೋ ಕಳಚಿದ ಸದ್ದು ಮೂವರಿಗೂ ಕೇಳಿಸಿತು.

ತಲೆಯ ಮೇಲಿಂದ ಕೆಂಪು ಬಟ್ಟೆ ಎಳೆದುಕೊಂಡು ಅವನು ಅವಳನ್ನು ನೋಡಿದ. ಕೆನ್ನೆಯಿಂದ ನೀರು ಇಳಿಯುತ್ತಿತ್ತು.

"ಕಮಲಕ್ಕ ಹೇಳಿ ಕಳಿಸಿದ್ರಾ?"

ಅವಳು ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ಅವಳಿಗೇ ಗೊತ್ತಾಗಲಿಲ್ಲ.

ದೀಕ್ಷಾ ಕೆಲಸಕ್ಕಿದ್ದ ಕೆಳಗಿನ ಟೈಲರ್ ಅಂಗಡಿಯ ಕಮಲಕ್ಕ ಬೆಳಿಗ್ಗೆಯಷ್ಟೇ ಅವನನ್ನು ತಡೆದು, ಬಾಲದ ನಕ್ಷತ್ರ ನೋಡಬಾರದು, ಮನೆಗೆ ಒಳ್ಳೇದಲ್ಲ ಎಂದು ಬುದ್ಧಿ ಹೇಳಿದ್ದಳು. ಅದು ಅವನ ತಲೆಯಲ್ಲಿತ್ತು.

"ನಿಮಗೆ ಹೆದ್ರಿಕೆ ಆದ್ರೆ ನೀವು ನೋಡ್ಬೇಡಿ," ಅವನು ಮೆಲ್ಲಗೇ ಹೇಳಿದ. "ಬೇರೆಯವರ ಕಣ್ಣು ಯಾಕೆ ಮುಚ್ತೀರಿ?"

ಕೂಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅವಳು ಬಕೆಟ್ಟು ಅಲ್ಲೇ ಬಿಟ್ಟು ಕೆಳಗೆ ಓಡಿದಳು.

* * *

ಶಶಿಕಿರಣ್ ನರಸಿಂಹರಾಜಪುರದವನು. ಡಿಶ್ ಕೂರಿಸುವ ಕೆಲಸ. ಕೊಪ್ಪ, ಶೃಂಗೇರಿ ಕಡೆಯ ಎಷ್ಟೋ ಮನೆಗಳ ಮಾಡು ಹತ್ತಿ ಇಳಿದವನು. ಆಕಾಶದಲ್ಲಿ ಯಾವುದು ಯಾವ ದಿಕ್ಕಿಗಿದೆ ಎಂದು ಕೈ ತೋರಿಸಿ ಹೇಳುತ್ತಾನೆ. ನಾಲ್ಕು ತಿಂಗಳ ಹಿಂದೆ ಕೊಪ್ಪದ ಈ ಕಟ್ಟಡದ ಮೇಲಿನ ಕೋಣೆ ಹಿಡಿದಿದ್ದ. ಅಂಗಡಿ ದಾಟುವಾಗೆಲ್ಲ "ಕಮಲಕ್ಕ, ಕಾಫಿ ಆಯ್ತಾ?" ಎಂದು ಕೇಳುತ್ತಿದ್ದ. ಯಂತ್ರದ ಹಿಂದೆ ತಲೆತಗ್ಗಿಸಿದ ದೀಕ್ಷಾ ಪ್ರತಿ ಸಲವೂ ಮನಸ್ಸಿನಲ್ಲೇ 'ಆಯ್ತು' ಎನ್ನುತ್ತಿದ್ದಳು.

ನಾಲ್ಕು ತಿಂಗಳಲ್ಲಿ ಅವರ ಮೊದಲ ಮಾತು ಇವತ್ತು. ಅದೂ ಹೀಗೆ...

ಅವಳು ಸೂಜಿಗೆ ದಾರ ಪೋಣಿಸಲು ಕತ್ತು ಓರೆ ಮಾಡಿದಳು. ಯಾವಾಗಲೂ ಹಾಗೆಯೇ, ಬಲಗಣ್ಣಿನ ನೇರಕ್ಕೆ. ಅದೊಂದು ಚಾಳಿ ಎಂದು ಕಮಲಕ್ಕ ತಿಳಿದಿದ್ದಳು.

ಅದು ಚಾಳಿಯಲ್ಲ.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಡಿಸೆಂಬರಿನ ಒಂದು ಬೆಳಿಗ್ಗೆ ದೊಡ್ಡ ಸೂರ್ಯಗ್ರಹಣ. ಎಲ್ಲರೂ ಒಳಗಿದ್ದಾಗ ದೀಕ್ಷಾ ಹಿತ್ತಲಿಗೆ ಹೋಗಿದ್ದಳು. ಕೈಯಲ್ಲಿ ಅಜ್ಜನ ಎದೆಯ ಹಳೇ ಎಕ್ಸ್‌ರೇ. ಬಲಗಣ್ಣು ಮುಚ್ಚಿ, ಪಕ್ಕೆಲುಬುಗಳ ನಡುವೆ ಬಳೆಯಂತಿದ್ದ ಸೂರ್ಯನನ್ನು ಎಡಗಣ್ಣಿನಿಂದ ನೋಡಿದಳು. ಚೆಂದ ಇತ್ತು. ಒಂಚೂರೂ ನೋಯಲಿಲ್ಲ. ಅದಕ್ಕೇ ನೋಡುತ್ತಲೇ ಇದ್ದಳು.

ಮಾರನೇ ದಿನ ಎಡಗಣ್ಣಿನ ನಡುವೆ ಒಂದು ಬೂದು ಚುಕ್ಕೆ ಕೂತಿತ್ತು. ಇವತ್ತಿಗೂ ಹೋಗಿಲ್ಲ. ಮೊದಮೊದಲು ಓದಲು ಕೂತರೆ ಸಾಲುಗಳು ಒಂದರ ಮೇಲೊಂದು ಬಿದ್ದು ತಲೆ ಸಿಡಿಯುತ್ತಿತ್ತು. ಹೇಳಲು ಹೆದರಿ ಆರು ತಿಂಗಳು ಮುಚ್ಚಿಟ್ಟಳು. ಶಿವಮೊಗ್ಗದ ಡಾಕ್ಟರು, ಒಳಗೆ ಸುಟ್ಟಿದೆ, ಇದಕ್ಕೆ ಔಷಧಿ ಇಲ್ಲ ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ದಾಕ್ಷಾಯಣಮ್ಮ ಅಂದಿದ್ದಳು:

"ಕಣ್ಣಿನ ವಿಷಯ ಯಾರ ಹತ್ರನೂ ಬಾಯಿ ಬಿಡ್ಬೇಡ. ಐಬಿರೋ ಹುಡುಗಿನ ಯಾರೂ ಕೇಳ್ಕೊಂಡು ಬರಲ್ಲ."

ಹತ್ತನೇ ಕ್ಲಾಸಿಗೆ ದೀಕ್ಷಾ ಹೋಗಲೇ ಇಲ್ಲ. ಓದು ತಲೆಗೆ ಹತ್ತಲಿಲ್ಲ ಎಂದು ಊರು ನಂಬಿತು.

ಸಂಜೆ ಶಶಿಕಿರಣ್ ಅಂಗಡಿ ಮುಂದೆಯೇ ಹಾದುಹೋದ. ಕಾಫಿ ಆಯ್ತಾ ಎಂದು ಕೇಳಲಿಲ್ಲ.

ಧರ್ಮೇಶ್ ಮಾತ್ರ ಬಾಗಿಲಿಗೆ ಒರಗಿ ನಿಂತ. "ಕಮಲಕ್ಕ, ನಾಳೆ ಒಂಬತ್ತಕ್ಕೆ ಕಾಲೇಜಿನ ಹನ್ನೆರಡು ಹುಡುಗೀರು ತಾರಸಿಗೆ ಬರ್ತಾರೆ, ಧೂಮಕೇತು ನೋಡೋಕೆ. ನಿಮ್ಮ ಹುಡುಗೀನ ಕಟ್ಟಿಹಾಕಿ."

"ಬೈನಾಕ್ಯುಲರ್ ಒಡ್ದೋಯ್ತಂತಲ್ಲ?"

"ಒಂದು ಕಣ್ಣು ಹೋಯ್ತು. ಇನ್ನೊಂದು ಸರಿ ಇದೆ."

ದೀಕ್ಷಾಳ ಸೂಜಿ ಬೆರಳಿಗೆ ಚುಚ್ಚಿತು.

'ಹನ್ನೆರಡು ಹುಡುಗಿಯರು. ಒಂಬತ್ತು ಗಂಟೆ. ಅದೇ ಟ್ಯಾಂಕು, ಅದೇ ನೆರಳು...'

* * *

ಬೆಳಿಗ್ಗೆ ಮೆಟ್ಟಿಲ ತುಂಬ ಚಪ್ಪಲಿ ಸದ್ದು, ನಗು. ಮರುದಿನವೇ ಸಂಕ್ರಾಂತಿ. ಹೊಲಿಯಬೇಕಾದ ಬ್ಲೌಸುಗಳ ರಾಶಿಯಿತ್ತು. ದೀಕ್ಷಾಳ ಕಾಲು ಪೆಡಲಿನ ಮೇಲಿದ್ದರೂ ಯಂತ್ರ ಓಡುತ್ತಿರಲಿಲ್ಲ.

'ಅವನಿಗೆ ಗೊತ್ತಿರ್ತದೆ. ನಿನ್ನೆ ಆದಮೇಲೆ ಹುಷಾರಾಗಿರ್ತಾನೆ...' ಎಂದುಕೊಂಡಳು. ಆದರೆ ನಿನ್ನೆ ಆದದ್ದು ಏನೆಂದು ಅವನಿಗೆ ಗೊತ್ತೇ ಇಲ್ಲವಲ್ಲ. ಅವನ ಪಾಲಿಗೆ ಒಬ್ಬ ಹೆದರುಪುಕ್ಕಲಿ ಮುಖಕ್ಕೆ ಬಟ್ಟೆ ಎಸೆದಳು, ಅಷ್ಟೇ.

ಆಗ ಧರ್ಮೇಶ್ ಬಾಗಿಲ ಮುಂದೆ ಹಾದ. ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವನು. ಬಗಲಲ್ಲಿ ಒಂದು ಕಟ್ಟು ಕಪ್ಪು ಹಾಳೆಗಳು.

"ಎಂತದಾ ಅದು?" ಕಮಲಕ್ಕ ಕೇಳಿದಳು.

"ಹಳೇ ಎಕ್ಸ್‌ರೇ. ಸೂರ್ಯ ಎಲ್ಲಿದ್ದಾನೆ ಅಂತ ಹುಡುಗೀರು ನೋಡ್ಕೊಳ್ಲಿ. ಇದ್ರಲ್ಲಿ ನೋಡಿದ್ರೆ ಎಂತದೂ ಆಗಲ್ಲ."

ದೀಕ್ಷಾ ತಲೆಯೆತ್ತಿದಳು. ಮೇಲಿನ ಹಾಳೆಯಲ್ಲಿ ಪಕ್ಕೆಲುಬುಗಳಿದ್ದವು.

ಎದ್ದಳು. ಮತ್ತೆ ಕೂತಳು.

ಹೇಳಿದರೆ ಅಮ್ಮನ ಮಾತು ಮುರಿಯಬೇಕು. ಕಮಲಕ್ಕನ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಕೊಪ್ಪ ಬಸ್‌ಸ್ಟ್ಯಾಂಡು ತಲುಪುತ್ತದೆ. ಮತ್ತೆ ಅವನು... ಅವನಿಗೂ ಗೊತ್ತಾಗುತ್ತದೆ. ಹೆದರುಪುಕ್ಕಲಿ ಎಂದುಕೊಂಡವನು ಇನ್ನು ಅಯ್ಯೋ ಪಾಪ ಎನ್ನುತ್ತಾನೆ. ಅದಕ್ಕಿಂತ ಬೈದರೇ ವಾಸಿ.

ಹೇಳದಿದ್ದರೆ, ಹನ್ನೆರಡು ಜನರಲ್ಲಿ ಒಬ್ಬಳಾದರೂ ನಾಳೆ ಬೆಳಿಗ್ಗೆ ಕಣ್ಣುಜ್ಜಿಕೊಳ್ಳುತ್ತಾಳೆ. ಉಜ್ಜಿದರೂ ಆ ಚುಕ್ಕೆ ಹೋಗುವುದಿಲ್ಲ. ಅವಳು ಎದ್ದು ಮೆಟ್ಟಿಲ ಕಡೆ ನಡೆದಳು.

"ಎಲ್ಲಿಗೇ? ಆ ಹಸಿರು ಬ್ಲೌಸಿಗೆ ಇನ್ನೂ ಕೊಕ್ಕೆ ಹಾಕಿಲ್ಲ," ಎನ್ನುತ್ತ ಕಮಲಕ್ಕನೂ ಹಿಂದೆಯೇ ಬಂದಳು. ದೀಕ್ಷಾ ನಿಲ್ಲಲಿಲ್ಲ.

ತಾರಸಿಯಲ್ಲಿ ಹುಡುಗಿಯರು ಸಾಲಾಗಿ ನಿಂತಿದ್ದರು. ಶಶಿಕಿರಣ್ ಟ್ಯಾಂಕಿನ ಆಚೆ ಬದಿಯಲ್ಲಿ ಬೈನಾಕ್ಯುಲರಿನ ಪಟ್ಟಿ ಬಿಗಿಯುತ್ತಿದ್ದ; ಹಾಳೆಗಳನ್ನು ನೋಡಿರಲಿಲ್ಲ. ಮೊದಲನೆಯವಳು ಎಕ್ಸ್‌ರೇ ಎತ್ತಿ, ಒಂದು ಕಣ್ಣು ಮುಚ್ಚಿ, ಮುಖ ಮೇಲಕ್ಕೆ ಮಾಡುತ್ತಿದ್ದಳು.

ದೀಕ್ಷಾ ಅದನ್ನು ಕಿತ್ತುಕೊಂಡು ಎದೆಗೊತ್ತಿ ಹಿಡಿದಳು.

ಧರ್ಮೇಶ್ ನಕ್ಕ. "ನಿನ್ನೆ ಬಟ್ಟೆ ಎಸೆದ್ಲು. ಇವತ್ತು ಬಕೆಟ್ಟೇ ಇರ್ಬೇಕು, ಎಲ್ಲ ಸರ್ಕೊಳ್ಳಿ."

ಹುಡುಗಿಯರು ನಕ್ಕರು. ಶಶಿಕಿರಣ್ ನಗಲಿಲ್ಲ. "ಇವತ್ತೂನಾ?" ಎಂದ, ಸುಸ್ತಾದವನಂತೆ.

ಅವಳು ಅವನನ್ನು ನೋಡಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ನೋಡಿದಳು.

"ನನ್ನ ಎಡಗಣ್ಣು... ಇದ್ರಿಂದಲೇ ಹೋಗಿದ್ದು."

ನಗು ನಿಂತಿತು.

"ಗ್ರಹಣದ ದಿನ ನೋಡಿದ್ದೆ. ನೋಯಲಿಲ್ಲ. ನೋಯಲ್ಲ ಅದು... ಗೊತ್ತೇ ಆಗಲ್ಲ."

"ಸುಮ್ನೆ ಹೇಳ್ಬೇಡ್ವೇ," ಹಿಂದಿನಿಂದ ಕಮಲಕ್ಕ. "ಮೂರು ವರ್ಷದಿಂದ ನನ್ನ ಹತ್ರ ಕಾಜಾ-ಗುಂಡಿ ಹಾಕ್ತಿದ್ದಿ."

ದೀಕ್ಷಾ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಶಶಿಕಿರಣನ ಕಡೆ ತಿರುಗಿದಳು.

"ಈಗ ನಿಮ್ಮ ಕಿವಿ ಕಾಣ್ತದೆ. ಅಂಗಿ ಕಾಲರ್ ಕಾಣ್ತದೆ. ಹಿಂದಿನ ಟ್ಯಾಂಕೂ ಕಾಣ್ತದೆ. ಮುಖ ಇಲ್ಲ."

ಅಂಗೈ ಇಳಿಸಿದಳು.

"ನಿನ್ನೆ ಬಿಸಿಲು ನಿಮ್ಮ ಹುಬ್ಬಿನ ಮೇಲಿತ್ತು. ಕೂಗೋಕೆ ಹೋದೆ... ಬಾಯಿ ಬರ್ಲಿಲ್ಲ."

ಅವನ ಕೈ ತಾನಾಗಿಯೇ ಹುಬ್ಬಿಗೆ ಹೋಯಿತು. ಕತ್ತೆತ್ತಿ ಟ್ಯಾಂಕಿನ ತುದಿ ನೋಡಿದ, ಹುಡುಗಿಯರ ತಲೆಗೂದಲ ಮೇಲಿನ ಬಿಸಿಲು ನೋಡಿದ. ಮುಖದ ಬಣ್ಣ ಇಳಿಯಿತು.

"ಎಲ್ಲರೂ ಕೆಳಗೆ ಹೋಗಿ," ಎಂದ. "ಈಗಲೇ. ಧರ್ಮ, ಆ ಹಾಳೆ ಪೂರ್ತಿ ಇಸ್ಕೋ. ಒಂದೂ ಬಿಡ್ಬೇಡ."

ಧರ್ಮೇಶ್ ಎಣಿಸಿ ಎಣಿಸಿ ಇಸಿದುಕೊಂಡ.

ಕಮಲಕ್ಕನೂ ಕೊನೆಯ ಹುಡುಗಿಯೂ ಇಳಿದ ಮೇಲೆ ಶಶಿಕಿರಣ್ ಕಟ್ಟೆಯ ಮೇಲೆ ಕುಸಿದು ಕೂತ.

"ಹನ್ನೆರಡು ಜನ," ಎಂದ. "ನಾನೇ ಕರೆದಿದ್ದು."

ಒಂದು ವಿಷಯ ದೀಕ್ಷಾಳಿಗೆ ಗೊತ್ತಿತ್ತು. ಮೂರು ವರ್ಷ ಇಲ್ಲಿ ಬಟ್ಟೆ ಒಣಹಾಕಿದವಳಿಗೆ ಮಾತ್ರ ಗೊತ್ತಿರುವಂಥದ್ದು.

"ಬೆಳಿಗ್ಗೆ ನೋಡ್ಬೇಡಿ. ಮೂರೂವರೆ ಮೇಲೆ ಆ ಮೂಲೆಗೆ ಪಕ್ಕದ ಕಟ್ಟಡದ ನೆರಳು ಬರ್ತದೆ. ಅದು ಬೆಳೀತಾನೇ ಹೋಗ್ತದೆ, ಕಮ್ಮಿ ಆಗಲ್ಲ. ಅಲ್ಲಿ ಹಾಕಿದ ಬಟ್ಟೆ ಒಣಗೋದೇ ಇಲ್ಲ."

ಅವನು ಅವಳನ್ನೇ ನೋಡಿದ. ಅಯ್ಯೋ ಪಾಪ ಎಂಬ ನೋಟಕ್ಕಾಗಿ ಅವಳು ಹೆದರಿ ಕಾದಳು. ಅದು ಬರಲಿಲ್ಲ.

"ಸೂರ್ಯ ಗೋಡೆ ಹಿಂದೆ ಇಳೀತಾ ಇರ್ತಾನೆ," ಅವನು ನಿಧಾನಕ್ಕೆ ಹೇಳಿದ. "ಹೊರಗೆ ಬರೋ ಮಾತೇ ಇಲ್ಲ. ದಿನಾ ಡಿಶ್ ತಿರುಗಿಸೋ ನಂಗೆ ಇದು ಹೊಳೀಲಿಲ್ಲ ನೋಡಿ." ಸ್ವಲ್ಪ ತಡೆದು, "ನಿನ್ನೆ ಆ ಮಾತು ಆಡ್ಬಾರ್ದಿತ್ತು. ತಪ್ಪಾಯ್ತು," ಎಂದ.

* * *

ನಾಲ್ಕು ಗಂಟೆಗೆ ನೆರಳು ಮೂಲೆಯನ್ನೆಲ್ಲ ತುಂಬಿತ್ತು. ಹುಡುಗಿಯರು ವಾಪಸ್ ಬಂದಿರಲಿಲ್ಲ. ಮೂರೇ ಜನ.

"ಮೊದಲು ನೀವು," ಎಂದು ಶಶಿಕಿರಣ್ ಬೈನಾಕ್ಯುಲರ್ ಕೊಟ್ಟ. "ಒಂದೇ ಕೊಳವೆ ಇದೆ."

"ಒಂದೇ ಸಾಕು," ಎಂದಳು. ಆದರೆ ಎತ್ತಲಿಲ್ಲ. ಆ ಗ್ರಹಣದ ನಂತರ ಅವಳು ಹಗಲಿನಲ್ಲಿ ತಲೆಯೆತ್ತಿ ಆಕಾಶ ನೋಡಿದ್ದೇ ಇಲ್ಲ. ಇರುವ ಒಂದು ಕಣ್ಣೂ ಹೋದರೆ...

"ನಾನು ನೆರಳಿನ ಅಂಚು ನೋಡ್ತಾ ನಿಲ್ತೇನೆ," ಅವನೆಂದ. "ಬೇರೆಲ್ಲೂ ನೋಡಲ್ಲ. ಒಂದಿಂಚು ಆಚೀಚೆ ಆದ್ರೂ ಹೇಳ್ತೇನೆ. ನಂಗೆ ಕೂಗೋಕೆ ಬರ್ತದೆ."

ಅವಳು ಬಲಗಣ್ಣಿಗೆ ಹಿಡಿದಳು. ಬರೀ ನೀಲಿ. ಗೋಡೆಯ ಅಂಚು. ಮತ್ತೆ ನೀಲಿ.

ಆಮೇಲೆ ಅಲ್ಲಿ... ನೀಲಿ ಬಟ್ಟೆಯ ಮೇಲೆ ಟೈಲರ್ ಚಾಕಿನಲ್ಲಿ ಒಮ್ಮೆ ಎಳೆದು ಬಿಟ್ಟ ಹಾಗೆ, ಒಂದು ಪುಟ್ಟ ಬಿಳಿ ಗೆರೆ. ಒಂದು ತುದಿ ದಪ್ಪ, ಇನ್ನೊಂದು ತುದಿ ಒರೆಸಿಹೋದ ಹಾಗೆ.

ಕಣ್ಣೀರು ಗಾಜನ್ನು ಮಸುಕು ಮಾಡಿತು.

ಆಮೇಲೆ ಧರ್ಮೇಶ್ ಬೈನಾಕ್ಯುಲರ್ ತೆಗೆದುಕೊಂಡು ನೋಡಿದ. "ಮಾರಾಯ..." ಎಂದು ಸುಮ್ಮನಾದ. ಅವನು ಸುಮ್ಮನಾದದ್ದು ಅದೇ ಮೊದಲು. ಅಷ್ಟರಲ್ಲಿ ಪಶ್ಚಿಮದ ಗುಡ್ಡಗಳ ಕಡೆಯಿಂದ ಮೋಡವೊಂದು ಅಡ್ಡ ಬಂತು. ಅದು ಸರಿಯಲಿಲ್ಲ.

"ನೀವು ನೋಡ್ಲೇ ಇಲ್ಲ," ದೀಕ್ಷಾ ಎಂದಳು.

"ಇಲ್ಲ. ನೆರಳು ನೋಡ್ತಿದ್ದೆ."

ಅವಳು ಮತ್ತೇನೋ ಹೇಳಬೇಕೆಂದಿದ್ದಳು. ಆಗ ಮೆಟ್ಟಿಲಲ್ಲಿ ಪರಿಚಿತ ಹೆಜ್ಜೆ ಸದ್ದು.

ದಾಕ್ಷಾಯಣಮ್ಮ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಳು. ತಾನು ಅಡುಗೆ ಮಾಡುವ ಹಾಸ್ಟೆಲಿನಿಂದ ಹಾಗೆಯೇ ಬಂದಿದ್ದಳು, ಕೈಯಲ್ಲಿ ಇನ್ನೂ ಹಿಟ್ಟಿತ್ತು.

"ಊರಿಗೆಲ್ಲ ಹೇಳಿದ್ಯಂತೆ?"

ದೀಕ್ಷಾ ತಲೆ ತಗ್ಗಿಸಿದಳು. "ಹುಡುಗೀರು ನೋಡ್ತಿದ್ರು ಅಮ್ಮಾ. ಅದೇ ಥರದ ಹಾಳೇಲಿ."

ಅಮ್ಮನ ಮುಖ ಒಂದು ಗಳಿಗೆ ಮೆತ್ತಗಾಯಿತು. ಮರುಗಳಿಗೆ ಹೆದರಿಕೆ ಗೆದ್ದಿತು. "ಅವರ ಕಣ್ಣು ಉಳೀತು. ನಿನ್ನ ಗತಿ? ಇನ್ಯಾರು ಕೇಳ್ಕೊಂಡು ಬರ್ತಾರೆ ನಿನ್ನ?"

"ನಾನು ಬರ್ತೇನೆ."

ಮೂವರೂ ತಿರುಗಿದರು. ಶಶಿಕಿರಣನಿಗೇ ತನ್ನ ಬಾಯಿಂದ ಬಂದ ಮಾತು ಕೇಳಿ ಗಾಬರಿಯಾದಂತಿತ್ತು.

"ನೀನ್ಯಾರಪ್ಪಾ?"

"ಡಿಶ್ ಹಾಕೋನು."

"ನಮ್ಮನೇಲಿ ಟಿವಿನೇ ಇಲ್ಲ."

ಧರ್ಮೇಶ್ ಕೆಮ್ಮಿದ. ಶಶಿಕಿರಣ್ ಕೆಂಪಾದ. "ಅದಕ್ಕಲ್ಲ ಅಮ್ಮ. ಇವರ ಕಣ್ಣಿನ ವಿಷಯ ನಂಗೆ ಗೊತ್ತು. ಗೊತ್ತಿದ್ದೇ ಕೇಳ್ತಿದ್ದೇನೆ."

ದಾಕ್ಷಾಯಣಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡಳು. "ಹಬ್ಬ ಮುಗೀಲಿ. ದೊಡ್ಡವರನ್ನ ಕರ್ಕೊಂಡು ಮನೆಗೆ ಬಾ. ತಾರಸಿ ಮೇಲೆ ಆಡೋ ಮಾತಲ್ಲ ಇದು," ಎಂದು ಇಳಿಯತೊಡಗಿದಳು. ಧರ್ಮೇಶನೂ ಏನೋ ನೆನಪಾದವನಂತೆ ಹಿಂದೆಯೇ ಹೋದ.

ಇಬ್ಬರೇ ಉಳಿದರು. ದೀಕ್ಷಾ ಅವನ ಕಡೆ ತಿರುಗಿದಳು.

"ಪಾಪ ಅಂತ ಹೇಳಿದ್ರಾ?"

"ನಾಲ್ಕು ತಿಂಗಳಿಂದ ಕಮಲಕ್ಕನ ಕಾಫಿ ವಿಚಾರಿಸ್ತಿದ್ದೇನೆ," ಅವನೆಂದ. "ನಿಮ್ಮ ಹತ್ರ ಕೇಳೋಕೆ ಬಾಯಿ ಬರ್ತಿರ್ಲಿಲ್ಲ."

ಅವಳಿಗೆ ನಗು ಬಂತು. ಹೆದರಿಕೆಯೂ ಇತ್ತು, ಅದು ಎಲ್ಲಿಗೂ ಹೋಗಿರಲಿಲ್ಲ.

"ಯೋಚನೆ ಮಾಡಿದ್ರಾ?"

"ಇಲ್ಲ. ಯೋಚನೆ ಮಾಡಿದ್ರೆ ಹೇಳ್ತಾನೇ ಇರ್ಲಿಲ್ಲ."

"ಹಾಗಾದ್ರೆ ಇವತ್ತು ಯೋಚನೆ ಮಾಡಿ. ನಾಳೆ ಹೇಳಿ."

"ನಾಳೆನೂ ಅದೇ ಹೇಳಿದ್ರೆ?"

ಅವಳು ಎರಡೂ ಕಣ್ಣು ತೆರೆದು ಅವನ ಮುಖವನ್ನು ನೋಡಿದಳು. ಈ ಸಲ ದೃಷ್ಟಿ ತಗ್ಗಿಸಲಿಲ್ಲ.

"ಆಗ ನಾನೂ ಹೇಳ್ತೇನೆ."